ಕ್ಯಾಂಟರ್ ಸೋತ ದಿನ

ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರಕ್ಕೆ ಹೊಂದಿಕೊಂಡಿರುವ ಹೆನ್ರೈಕೊ ಕೌಂಟಿಯಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ನೆಲೆಸಿದ್ದೆವು. ನಮಗೆ ಮತದಾನದ ಹಕ್ಕಿರಲಿಲ್ಲ. ಆದರೂ 2014ರ ಜೂನ್ 10ರಂದು ಅಲ್ಲಿ ನಡೆದ ರಿಪಬ್ಲಿಕನ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯನ್ನು ನಾನು ನಮ್ಮೂರಿನ ಚುನಾವಣೆಯಷ್ಟೇ ಕಾತರದಿಂದ ಗಮನಿಸಿದೆ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷದ ಜೂನ್ ತಿಂಗಳಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ 68–32 ಮತಗಳಿಂದ ಅಂಗೀಕರಿಸಿದ್ದ ವಲಸೆ ಸುಧಾರಣಾ ಮಸೂದೆಯಲ್ಲಿ, ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಿಗೆ (ಕಾಯಂ ವಾಸದ ಪರವಾನಗಿ) ಪ್ರತಿ ದೇಶಕ್ಕೂ ಇರುವ ಶೇ 7ರ ಮಿತಿಯನ್ನು ತೆಗೆಯುವ ಅಂಶವಿತ್ತು. ಭಾರತದಲ್ಲಿ ಹುಟ್ಟಿದವರ ಸರದಿ ವರ್ಷಗಟ್ಟಲೆ ಬೆಳೆದಿರುವುದು ಆ ಮಿತಿಯಿಂದಲೇ. ಮಸೂದೆ ಕೆಳಮನೆಯಾದ ಪ್ರತಿನಿಧಿ ಸಭೆಯ ಮುಂದೆ ಬರಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬಲ್ಲವರಲ್ಲಿ ನಮ್ಮ ಏಳನೇ ಕ್ಷೇತ್ರದ ಸದಸ್ಯ, ಸಭೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ಪ್ರಮುಖರು. ಅವರ ಎದುರು ನಿಂತವರು ಆಶ್‌ಲ್ಯಾಂಡ್‌ನ ರ್‍ಯಾಂಡಾಲ್ಫ್-ಮೇಕನ್ ಕಾಲೇಜಿನ ಅರ್ಥಶಾಸ್ತ್ರ ಪ್ರಾಧ್ಯಾಪಕ ಡೇವ್ ಬ್ರ್ಯಾಟ್. ತೆರಿಗೆ ಮತ್ತು ಸರ್ಕಾರಿ ಖರ್ಚಿನ ವಿರುದ್ಧ ಎದ್ದ ಬಲಪಂಥೀಯ ಚಳವಳಿ ಟೀ ಪಾರ್ಟಿಯ ಸ್ಥಳೀಯ ಗುಂಪುಗಳು ಅವರ ಬೆನ್ನಿಗಿದ್ದವು.

ನಮ್ಮ ಪಕ್ಕದ ಮನೆಯವರು ನಿವೃತ್ತರು, ಸಂಭಾವಿತರು, ನಮ್ಮ ಮಗುವಿನ ಹುಟ್ಟುಹಬ್ಬಕ್ಕೆ ತಪ್ಪದೆ ಬರುತ್ತಿದ್ದವರು. ಅವರ ಅಂಗಳದಲ್ಲಿ ಬ್ರ್ಯಾಟ್ ಹೆಸರಿನ ಫಲಕ ನೆಟ್ಟಿತ್ತು. ಚುನಾವಣೆಯ ದಿನ ಬೆಳಿಗ್ಗೆ ಮತ ಹಾಕಿ ಬಂದವರು ಬೇಲಿಯ ಬಳಿ ನಿಂತು ಬಹಳ ಹೊತ್ತು ಮಾತನಾಡಿದರು. 2008ರಲ್ಲಿ ಮುಳುಗುತ್ತಿದ್ದ ಬ್ಯಾಂಕುಗಳನ್ನು ಸರ್ಕಾರ ಜನರ ತೆರಿಗೆ ಹಣದಿಂದ ಎತ್ತಿ ನಿಲ್ಲಿಸಿದ್ದನ್ನು ಅವರು ಕ್ಷಮಿಸಿರಲಿಲ್ಲ. 2009ರ ಏಪ್ರಿಲ್ 15ರಂದು, ತೆರಿಗೆ ಲೆಕ್ಕ ಸಲ್ಲಿಸುವ ಕೊನೆಯ ದಿನ, ದೇಶದ ನೂರಾರು ಊರುಗಳಲ್ಲಿ ಜನ ಬೀದಿಗಿಳಿದಾಗ ಅವರೂ ಇಳಿದಿದ್ದರು. 2010ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಪ್ರತಿನಿಧಿ ಸಭೆಯಲ್ಲಿ 63 ಸ್ಥಾನಗಳನ್ನು ಹೆಚ್ಚಿಸಿಕೊಂಡದ್ದು ತಮ್ಮಂಥವರ ಸಿಟ್ಟಿನ ಬಲದಿಂದ, ಆದರೆ ಗೆದ್ದ ಮೇಲೆ ನಾಯಕರು ಆ ಸಿಟ್ಟನ್ನು ಬಳಸಿಕೊಂಡರೇ ಹೊರತು ಅದಕ್ಕೆ ಕಿವಿಗೊಡಲಿಲ್ಲ ಎಂಬುದು ಅವರ ದೂರು. ವಲಸೆಯ ವಿಷಯದಲ್ಲಿ ಅವರ ನಿಲುವು ನನ್ನ ಕುಟುಂಬದ ಹಿತಕ್ಕೆ ನೇರ ವಿರುದ್ಧವಾಗಿತ್ತು. ಆದರೂ ಆ ದೂರಿನಲ್ಲಿ ಸತ್ಯವಿತ್ತೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಪತ್ರಿಕೆಗಳು ಮಾತ್ರ ಬೇರೆಯದನ್ನೇ ಹೇಳುತ್ತಿದ್ದವು. ಟೀ ಪಾರ್ಟಿ ಬೆಂಬಲಿತ ರಿಪಬ್ಲಿಕನ್ನರು ಒಬಾಮಾ ಅವರ ಆರೋಗ್ಯ ವಿಮೆ ಕಾಯ್ದೆಯನ್ನು ತಡೆಯಲು ಹೋಗಿ 2013ರ ಅಕ್ಟೋಬರ್‌ನಲ್ಲಿ 16 ದಿನ ಸರ್ಕಾರದ ಕೆಲಸ ನಿಂತಿದ್ದಾಗ ಪ್ಯೂ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಟೀ ಪಾರ್ಟಿಯನ್ನು ಶೇ 49ರಷ್ಟು ಜನ ಒಪ್ಪಿರಲಿಲ್ಲ, ಒಪ್ಪಿದವರು ಶೇ 30. ಗ್ಯಾಲಪ್ ಸಮೀಕ್ಷೆಯಲ್ಲಿ ರಿಪಬ್ಲಿಕನ್ ಪಕ್ಷದ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದವರು ಶೇ 28ಕ್ಕೆ ಇಳಿದಿದ್ದರು. 2014ರ ಮೇ ತಿಂಗಳಲ್ಲಿ ಕೆಂಟಕಿಯ ಪ್ರೈಮರಿಯಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ತಮ್ಮ ಟೀ ಪಾರ್ಟಿ ಎದುರಾಳಿಯನ್ನು ಸುಲಭವಾಗಿ ಸೋಲಿಸಿದ ಮೇಲೆ ಚಳವಳಿಯ ಕಾಲ ಮುಗಿಯಿತೆಂಬ ಮಾತು ಎಲ್ಲೆಡೆ ಕೇಳಿಬಂತು. ಕ್ಯಾಂಟರ್ ಅವರದೇ ಸಮೀಕ್ಷೆಗಾರರು ಅವರಿಗೆ 34 ಅಂಶಗಳ ಮುನ್ನಡೆ ತೋರಿಸಿದ್ದರು. ಆದರೆ ಅದೇ ಮೇ ತಿಂಗಳ ಪಕ್ಷದ ಕ್ಷೇತ್ರ ಸಮಾವೇಶದಲ್ಲಿ ಕ್ಯಾಂಟರ್ ಮಾತನಾಡಲು ನಿಂತಾಗ ಸ್ವಂತ ಪಕ್ಷದವರೇ ಕೂಗಿ ಅಡ್ಡಿಪಡಿಸಿದ್ದರು, ಅವರ ಬೆಂಬಲಿಗರಾಗಿದ್ದ ಕ್ಷೇತ್ರಾಧ್ಯಕ್ಷರು ಸ್ಥಾನ ಕಳೆದುಕೊಂಡಿದ್ದರು. ಈ ಒಡಕನ್ನು ಹತ್ತಿರದಿಂದ ಕಂಡವರು ಸಮೀಕ್ಷೆಯ ಅಂಕಿಯನ್ನು ಅಷ್ಟು ಸಲೀಸಾಗಿ ನಂಬಬಾರದಿತ್ತು.

ಸಂಜೆ ಏಳಕ್ಕೆ ಮತದಾನ ಮುಗಿಯಿತು. ಎಂಟು ಗಂಟೆಯ ಹೊತ್ತಿಗೆ ನಾವು ಮೂರ್ನಾಲ್ಕು ಮನೆಯವರು ಒಟ್ಟಿಗೆ ಊಟಕ್ಕೆ ಕುಳಿತಿದ್ದಾಗ ದೂರದರ್ಶನದಲ್ಲಿ ಕ್ಯಾಂಟರ್ ಸೋತ ಸುದ್ದಿ ಬಂತು. ಬ್ರ್ಯಾಟ್ ಅವರಿಗೆ ಶೇ 55ಕ್ಕೂ ಹೆಚ್ಚು ಮತ ಬಂದಿತ್ತು. ಬಹುಮತ ನಾಯಕನ ಹುದ್ದೆ 1899ರಲ್ಲಿ ಆರಂಭವಾದ ಮೇಲೆ ಆ ಹುದ್ದೆಯಲ್ಲಿದ್ದವರು ಪ್ರೈಮರಿಯಲ್ಲಿ ಸೋತದ್ದು ಅದೇ ಮೊದಲು. ಕ್ಯಾಂಟರ್ 50 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿದ್ದರು, ಬ್ರ್ಯಾಟ್ ಅವರದು ಸುಮಾರು 2 ಲಕ್ಷ. ಮತದಾನದ ಬೆಳಿಗ್ಗೆ ಕ್ಯಾಂಟರ್ ಕ್ಷೇತ್ರದಲ್ಲಿರದೆ ವಾಷಿಂಗ್ಟನ್ನಿನಲ್ಲಿ ದಾನಿಗಳ ಜೊತೆ ಸಭೆಯಲ್ಲಿದ್ದರೆಂಬ ವಿವರ ಮರುದಿನ ಪತ್ರಿಕೆಯಲ್ಲಿ ಓದಿದಾಗ ನೆರೆಯವರ ಮಾತೇ ನೆನಪಾಯಿತು.

ಊಟದ ಮನೆಯಲ್ಲಿ ಮೊದಲು ಯಾರೂ ಮಾತನಾಡಲಿಲ್ಲ. ಆಮೇಲೆ ವಾದ ಶುರುವಾಯಿತು. ಬಿದ್ದ ಮತಗಳೆಲ್ಲ ಸೇರಿ ಸುಮಾರು 65,000; ಕ್ಷೇತ್ರದ ಜನಸಂಖ್ಯೆ ಏಳು ಲಕ್ಷದ ಮೇಲೆ. ಇದನ್ನು ಜನಾಭಿಪ್ರಾಯವೆಂದು ಕರೆಯುವುದು ಹೇಗೆ ಎಂದು ಒಬ್ಬ ಗೆಳೆಯ ಕೇಳಿದ. ನನ್ನ ಉತ್ತರ ಅವನಿಗೆ ಹಿಡಿಸಲಿಲ್ಲ. ದೂರವಾಣಿಯಲ್ಲಿ ಪ್ರಶ್ನೆಗೆ ಉತ್ತರಿಸಿದ ದೇಶದ ಸುಮಾರು ಅರ್ಧದಷ್ಟು ಜನ ಚಳವಳಿಯನ್ನು ಮೆಚ್ಚದಿದ್ದರೂ, ಕೆಲಸದ ದಿನ ಬಿಡುವು ಮಾಡಿಕೊಂಡು ಮತಗಟ್ಟೆಗೆ ಹೋದವರ ಅಭಿಪ್ರಾಯವೇ ಪಕ್ಷವನ್ನು ನಡೆಸುತ್ತದೆ, ಮತ್ತು ಆ ಹೋದವರು ಯಾವ ಕಾನೂನನ್ನೂ ಮುರಿದಿರಲಿಲ್ಲ ಎಂದೆ. ಡೆಮಾಕ್ರಾಟರು ಬಂದು ಕ್ಯಾಂಟರ್ ವಿರುದ್ಧ ಮತ ಹಾಕಿದರೆಂಬ ವಾದವೂ ಬಂತು. ವರ್ಜೀನಿಯಾದಲ್ಲಿ ನೋಂದಾಯಿತ ಮತದಾರರು ಯಾರು ಬೇಕಾದರೂ ಪ್ರೈಮರಿಯಲ್ಲಿ ಮತ ಹಾಕಬಹುದು ನಿಜ, ಆದರೆ ಏಳು ಸಾವಿರ ಮತಗಳ ಅಂತರ ಅಷ್ಟರಿಂದಲೇ ಬಂದೀತೆಂದು ನನಗೆ ಅನ್ನಿಸಲಿಲ್ಲ.

ನನಗೆ ನೋವಾದದ್ದು ಬೇರೆಯದಕ್ಕೆ. ಕ್ಯಾಂಟರ್ ವಲಸೆ ಸುಧಾರಣೆಯ ಪರವೆಂದು ಸ್ಪಷ್ಟವಾಗಿ ನಿಂತವರಲ್ಲ. ಮಕ್ಕಳಾಗಿದ್ದಾಗ ದಾಖಲೆಯಿಲ್ಲದೆ ದೇಶಕ್ಕೆ ಬಂದವರ ಬಗ್ಗೆ ಒಮ್ಮೆ ಮೃದುವಾಗಿ ಮಾತನಾಡಿ, ಪ್ರಚಾರದಲ್ಲಿ ಅಕ್ರಮ ವಲಸಿಗರಿಗೆ ಕ್ಷಮಾದಾನವನ್ನು ತಾವೇ ತಡೆದದ್ದಾಗಿ ಮನೆಮನೆಗೆ ಪತ್ರ ಹಂಚಿದ್ದರು. ಪಕ್ಷದ ಎರಡು ಬಣಗಳಲ್ಲಿ ಯಾವುದನ್ನೂ ಕಳೆದುಕೊಳ್ಳಲು ಒಪ್ಪದ ಆ ನಡೆ ಇಬ್ಬರ ವಿಶ್ವಾಸವನ್ನೂ ಕಳೆಯಿತು. ಅವರು ಸುಧಾರಣೆಯ ಪರವಾಗಿ ಧೈರ್ಯದಿಂದ ವಾದಿಸಿ ಸೋತಿದ್ದರೆ, ನಮ್ಮ ಪ್ರಶ್ನೆಯಾದರೂ ಆ ಕ್ಷೇತ್ರದ ಜನರ ಮುಂದೆ ನೇರವಾಗಿ ಚರ್ಚೆಯಾಗುತ್ತಿತ್ತು. ಅದಾಗಲಿಲ್ಲ. ಸುಧಾರಣೆಯ ಮಾತೆತ್ತಿದರೆ ಕ್ಯಾಂಟರ್ ಗತಿಯೇ ಎಂಬ ಭಯ ಮಾತ್ರ ಪಕ್ಷದಲ್ಲಿ ಉಳಿಯಿತು.

ಮರುದಿನವೇ ಅವರು ನಾಯಕ ಸ್ಥಾನ ಬಿಡುವುದಾಗಿ ಪ್ರಕಟಿಸಿದರು. ಆಗಸ್ಟ್‌ನಲ್ಲಿ ಸಭೆಯ ಸದಸ್ಯತ್ವವನ್ನೂ ತೊರೆದರು. ಸೆನೆಟ್ ಮಸೂದೆ ಪ್ರತಿನಿಧಿ ಸಭೆಯಲ್ಲಿ ಮತಕ್ಕೆ ಬರಲೇ ಇಲ್ಲ, 2015ರ ಜನವರಿಯಲ್ಲಿ ಹೊಸ ಕಾಂಗ್ರೆಸ್ ಸೇರುವ ಹೊತ್ತಿಗೆ ತಾನಾಗಿ ಬಿದ್ದುಹೋಯಿತು. ಅಂದು ಒಟ್ಟಿಗೆ ಊಟಕ್ಕೆ ಕುಳಿತಿದ್ದವರಲ್ಲಿ ಒಂದು ಕುಟುಂಬ ಮೈಸೂರಿಗೆ ಮರಳಿತು, ಇನ್ನೊಂದು ಕೆನಡಾಕ್ಕೆ ಹೋಯಿತು. ಉಳಿದವರು ಅದೇ ಸರದಿಯಲ್ಲಿ ನಿಂತೆವು.