ಶರಾವತಿ ಹಿನ್ನೀರಿನ ನಡುಗಡ್ಡೆಗಳಲ್ಲಿ ಒಂದು ಹಗಲು

ಶರಾವತಿ ಹಿನ್ನೀರಿಗೆ ದೋಣಿ ಗೊತ್ತುಮಾಡುವ ಮೊದಲು ತೆಗೆದು ನೋಡಬೇಕಾದ್ದು ಪತ್ರಿಕೆಯ ಜಿಲ್ಲಾ ಪುಟದ ಜಲಾಶಯ ಮಟ್ಟದ ಸಾಲು. ಈ ಹಿನ್ನೀರನ್ನು ಹಿಡಿದಿಟ್ಟ ಲಿಂಗನಮಕ್ಕಿ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಅಂದಿನ ಮಟ್ಟ ಅದಕ್ಕಿಂತ ಎಷ್ಟು ಕೆಳಗಿದೆ ಎಂಬುದರ ಮೇಲೆ ಯಾವ ನಡುಗಡ್ಡೆಗೆ ದೋಣಿ ತಾಗುತ್ತದೆ, ಎಲ್ಲಿ ಈಜಬಹುದು, ಊಟಕ್ಕೆ ನೆರಳು ಎಷ್ಟು ದೂರ ಎಂಬುದೆಲ್ಲ ನಿಂತಿದೆ. ಲೆಕ್ಕ ಸರಳ. ಹತ್ತು ಅಡಿ ಉದ್ದಕ್ಕೆ ಒಂದು ಅಡಿಯಂತೆ ಇಳಿಯುವ ದಂಡೆಯಲ್ಲಿ ನೀರು ಹತ್ತು ಅಡಿ ಕೆಳಗೆ ಹೋದರೆ ನೂರು ಅಡಿ ಕೆಸರು ಬಯಲಾಗುತ್ತದೆ. ಅಷ್ಟು ದೂರವನ್ನು ಊಟದ ಪಾತ್ರೆ ಹೊತ್ತು, ಮೊಣಕಾಲುದ್ದ ಹೂತು ದಾಟಬೇಕು. ಅದೇ ನಡುಗಡ್ಡೆಯ ಇನ್ನೊಂದು ಮಗ್ಗುಲು ಕಡಿದಾಗಿದ್ದರೆ ಅಲ್ಲಿ ಹತ್ತು ಹೆಜ್ಜೆಯಲ್ಲಿ ಮೇಲೇರಬಹುದು. ಹಾಗಾಗಿ ಹೆಸರು ಕೇಳಿ ನಡುಗಡ್ಡೆ ಆರಿಸಬಾರದು, ದಂಡೆ ನೋಡಿ ಆರಿಸಬೇಕು.

ಇವೆಲ್ಲ ಹುಟ್ಟಿನಿಂದ ನಡುಗಡ್ಡೆಗಳಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸುಮಾರು 151 ಟಿಎಂಸಿ ನೀರು ನಿಲ್ಲುವಂತಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳು ತುಂಬಿಕೊಂಡವು; ಗುಡ್ಡಗಳ ನೆತ್ತಿ ಮಾತ್ರ ಮೇಲೆ ಉಳಿಯಿತು. ಗದ್ದೆ, ತೋಟ, ದೇವಸ್ಥಾನ, ಗಾಡಿದಾರಿ ಎಲ್ಲವೂ ನೀರಿನಡಿ ಹೋದವು. ಈ ಭಾಗದಲ್ಲಿ ಮುಳುಗಡೆ ಎಂದರೆ ಸಾಕು, ಯಾವ ಮುಳುಗಡೆ ಎಂದು ಯಾರೂ ಕೇಳುವುದಿಲ್ಲ. ದೋಣಿ ನಡೆಸುವವರಲ್ಲಿ ಹಲವರು ಆ ಮನೆತನಗಳವರೇ. ಈ ನೀರಿನಲ್ಲಿ ಪಿಕ್ನಿಕ್ ಮಾಡಲು ಹೋಗುವವರು ಅದನ್ನು ತಿಳಿದು ಹೋಗಬೇಕು, ಸ್ಪೀಕರಿನ ಹಾಡು ದಡದಲ್ಲೇ ಬಿಡಬೇಕು. ಸುರಕ್ಷತೆಗೂ ಈ ಚರಿತ್ರೆ ಬೇಕಾಗುತ್ತದೆ. ಕಣಿವೆ ತುಂಬುವ ಮೊದಲು ಕಡಿದ ಮರಗಳ ಬೊಡ್ಡೆ, ಕಡಿಯದೆ ಬಿಟ್ಟ ಮೋಟುಮರ ಇನ್ನೂ ನಿಂತಿವೆ. ಸದಾ ಮುಳುಗಿರುವ ಗಟ್ಟಿ ಮರಕ್ಕೆ ಗಾಳಿ ತಾಗದು, ಅದರಿಂದ ಬೇಗ ಕೊಳೆಯದು. ಆರು ದಶಕ ಕಳೆದರೂ ದೋಣಿಯ ತಳ ಸೀಳುವಷ್ಟು ಗಟ್ಟಿ ಉಳಿದಿದೆ.

ತಿಂಗಳಿನ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ; ಮಳೆ, ಗಾಳಿ, ಕೆಂಪು ನೀರು. ಮಳೆ ಚೆನ್ನಾಗಿ ಆದ ವರ್ಷ ದಸರೆಯ ಹೊತ್ತಿಗೆ ನೀರು ಅಂಚಿನ ತನಕ ಇರುತ್ತದೆ, ದೋಣಿ ಮರದ ನೆರಳಿಗೇ ಹೋಗಿ ತಾಗುತ್ತದೆ. ಆದರೆ ಅಕ್ಟೋಬರ್‌ನ ಸಂಜೆಗಳಲ್ಲಿ ಗುಡುಗು ಮಳೆ ಉಂಟು, ಇಂಬಳವೂ ಉಂಟು. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಕಾಲವೇ ಉತ್ತಮ: ನೀರು ತಿಳಿಯಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಕೆಮ್ಮಣ್ಣಿನ ಅಂಚು ಇನ್ನೂ ಕಿರಿದಾಗಿರುತ್ತದೆ. ಮಾರ್ಚ್ ದಾಟಿದರೆ ಅನೇಕ ನಡುಗಡ್ಡೆಗಳು ದಂಡೆಗೆ ಅಂಟಿಕೊಳ್ಳುತ್ತವೆ, ಬೊಡ್ಡೆಗಳು ನೀರಿನ ಮಟ್ಟಕ್ಕೆ ಬರುತ್ತವೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಲಿಂಗನಮಕ್ಕಿ ಬರುವ ಮೊದಲು ಜೋಗದ ವಿದ್ಯುತ್ತಿಗೆ ನೀರು ಹಿಡಿದುಕೊಟ್ಟಿದ್ದ ಕಟ್ಟೆ ಅದು. ಅದನ್ನು ನೋಡಲು ಹೋಗುವುದು ಬೇರೆಯೇ ಪ್ರಯಾಣ, ಈಜಿಗೂ ಅದಕ್ಕೂ ಸಂಬಂಧವಿಲ್ಲ.

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಸಾಗರ, ಇಲ್ಲವೇ ಕೊನೆಯ ನಿಲ್ದಾಣ ತಾಳಗುಪ್ಪ. ಅಲ್ಲಿಂದ ಎರಡು ದಿಕ್ಕು. ತಾಳಗುಪ್ಪ ರಸ್ತೆಯಿಂದ ಒಳಗೆ ತಿರುಗಿದರೆ ಹೊನ್ನೆಮರಡು. ತೆಪ್ಪ, ಕಯಾಕ್, ಈಜು ಎಲ್ಲವನ್ನೂ ತರಬೇತಿಯವರ ಕಣ್ಗಾವಲಿನಲ್ಲೇ ಮಾಡುವ ಜಾಗ ಅದು, ಮುಂಗಡ ಗೊತ್ತುಮಾಡಿಯೇ ಹೋಗಬೇಕು. ಮೊದಲ ಬಾರಿ ನೀರಿಗಿಳಿಯುವವರಿಗೆ ಅದೇ ಸರಿ. ಇನ್ನೊಂದು, ಸಾಗರದಿಂದ ಆವಿನಹಳ್ಳಿ ಮಾರ್ಗವಾಗಿ ಅಂಬಾರಗೋಡ್ಲಿನ ಹೊಳೆಬಾಗಿಲು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯುವ ತನಕ ಆಚೆಯ ಕಳಸವಳ್ಳಿಗೆ, ತುಮರಿಗೆ, ಚೌಡೇಶ್ವರಿ ದೇವಸ್ಥಾನಕ್ಕೆ ಇಲ್ಲಿಂದ ಲಾಂಚೇ ದಾರಿಯಾಗಿತ್ತು. ಈಗ ಸುಮಾರು 2.4 ಕಿ.ಮೀ. ಉದ್ದದ ಆ ಸೇತುವೆಯ ಎತ್ತರದ ಕಂಬಗಳು ನೀರಿನ ಮೇಲಿರುವವರಿಗೆ ಒಳ್ಳೆಯ ಗುರುತು. ಎಲ್ಲ ನಡುಗಡ್ಡೆಗಳೂ ಒಂದೇ ತರ ಕಾಣುವ ಈ ನೀರಿನಲ್ಲಿ ಅಂಥದೊಂದು ಗುರುತು ಸದಾ ಕಣ್ಣಿಗೆ ಸಿಗುತ್ತಿರಬೇಕು.

ದೋಣಿ ಗೊತ್ತುಮಾಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ನಡುಗಡ್ಡೆಯಲ್ಲಿ ಇಳಿಯಲು ಅನುಮತಿ ಇದೆಯೇ ಎಂಬುದು. ಹಿನ್ನೀರಿನ ಒಂದು ಭಾಗ ಶರಾವತಿ ಕಣಿವೆಯ ಅಭಯಾರಣ್ಯದೊಳಗೆ ಬರುತ್ತದೆ. ಅಲ್ಲಿ ಅರಣ್ಯ ಇಲಾಖೆ ಒಪ್ಪದೆ ಕಾಲಿಡುವಂತಿಲ್ಲ, ರಾತ್ರಿ ಉಳಿಯುವಂತೂ ಇಲ್ಲ. ಅಣೆಕಟ್ಟೆಯ ಹತ್ತಿರಕ್ಕೆ ದೋಣಿ ಬಿಡುವುದೂ ಸಲ್ಲದು. ದೋಣಿಗೆ ನೋಂದಣಿ, ವಿಮೆ ಇರಬೇಕು, ಎಷ್ಟು ಜನ ಎಂದು ದೋಣಿಯ ಮೈಮೇಲೇ ಬರೆದಿರಬೇಕು. ಮೀನುಗಾರಿಕೆಯ ದೋಣಿಯಲ್ಲಿ ಬನ್ನಿ, ಅಗ್ಗಕ್ಕೆ ಆಗುತ್ತದೆ ಎಂದರೆ ಬೇಡ ಅನ್ನಿ. ಅದು ಬಲೆ ಮತ್ತು ಇಬ್ಬರ ತೂಕಕ್ಕೆ ಕಟ್ಟಿದ್ದು. ಎಂಟು ಜನ ಕೂತರೆ ಅಂಚಿಗೂ ನೀರಿಗೂ ಗೇಣು ಅಂತರ ಉಳಿಯದು, ಯಾರಾದರೂ ಫೋಟೋಕ್ಕೆ ಎದ್ದು ನಿಂತರೆ ಮಗುಚುತ್ತದೆ.

ಹೊರಡುವ ಮೊದಲು ಹತ್ತು ನಿಮಿಷ ದೋಣಿ ನೋಡುವುದು ವ್ಯರ್ಥವಲ್ಲ. ಲೈಫ್ ಜಾಕೆಟ್ ತಲೆಗೊಂದಿರಬೇಕು, ಬಕಲ್ ಮುರಿದಿರಬಾರದು. ಹಾಕಿಕೊಂಡವರ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ: ಜಾಕೆಟ್ ಕಿವಿ ತನಕ ಬಂದರೆ ಅದು ದೊಡ್ಡದು, ನೀರಲ್ಲಿ ಮುಖ ಮುಚ್ಚುತ್ತದೆ. ಮಕ್ಕಳಿಗೆ ದೊಡ್ಡವರದ್ದನ್ನು ಬಿಗಿದು ಕಟ್ಟುವುದು ಸಾಮಾನ್ಯವಾಗಿ ನಡೆಯುವ, ಅತ್ಯಂತ ಅಪಾಯದ ತಪ್ಪು. ಅವರ ತೂಕಕ್ಕೆ ತಕ್ಕ, ತೊಡೆಸಂದಿಯಲ್ಲಿ ಪಟ್ಟಿಯಿರುವ ಜಾಕೆಟ್ಟೇ ಬೇಕು. ಸಿಗದಿದ್ದರೆ ಮಕ್ಕಳನ್ನು ಕರೆದೊಯ್ಯಬೇಡಿ. ಪೆಟ್ರೋಲ್ ಹೋಗಲು ಒಂದು ಪಾಲು, ಬರಲು ಒಂದು ಪಾಲು, ಉಳಿಕೆ ಒಂದು ಪಾಲು. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಾದರೆ ಆ ಮೂರನೆಯ ಪಾಲು ಉರಿಯುತ್ತದೆ. ಎರಡು ಹುಟ್ಟು, ನೀರು ಮೊಗೆಯಲು ಡಬ್ಬ, ಇಪ್ಪತ್ತು ಮೀಟರ್ ಹಗ್ಗ, ಆಳ ನೋಡಲು ಬಿದಿರಿನ ಗಳ ಒಳಗಿರಲಿ. ಸಣ್ಣ ಎಂಜಿನ್ನುಗಳಲ್ಲಿ ಪಂಖ ಬೊಡ್ಡೆಗೆ ಬಡಿದಾಗ ಮೊದಲು ತುಂಡಾಗುವುದು ಶಿಯರ್ ಪಿನ್ನು. ಗೇರು ಒಡೆಯದಿರಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಎರಡು ಬಿಡಿ ಪಿನ್ನು, ಒಂದು ಇಕ್ಕಳ ಇದ್ದರೆ ಹತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ದಡದ ತನಕ ಹುಟ್ಟು ಹಾಕಬೇಕು. ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಎಷ್ಟು ಜನ, ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸು ಎಂದು ದಡದಲ್ಲಿ ಒಬ್ಬರಿಗೆ ಹೇಳಿ ಹೊರಡಬೇಕು.

ಚಳಿಗಾಲದ ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿರುತ್ತದೆ. ಚಂದವೇ, ಆದರೆ ಆಗ ಹೊರಟರೆ ಬೊಡ್ಡೆಯೂ ಕಾಣದು, ಬಲೆಯೂ ಕಾಣದು. ಎಂಟೂವರೆ, ಒಂಬತ್ತಕ್ಕೆ ಮಂಜು ಎದ್ದ ಮೇಲೆ ದೋಣಿ ಬಿಟ್ಟರೆ ನಾಲ್ಕರೊಳಗೆ ಮೂರು ನಡುಗಡ್ಡೆ ಆರಾಮವಾಗಿ ಆಗುತ್ತದೆ. ನಾಲ್ಕನೆಯದಕ್ಕೆ ಆಸೆಪಟ್ಟರೆ ಈಜು, ಊಟ ಎರಡೂ ಅವಸರದ ಪಾಲಾಗುತ್ತವೆ. ಹಳೆಯ ಹೊಳೆಯ ಪಾತ್ರದ ಮೇಲೆ ಸಾಗುವವರೆಗೆ ಆಳಕ್ಕೆ ಕೊರತೆಯಿಲ್ಲ. ಎರಡು ನಡುಗಡ್ಡೆಗಳ ನಡುವಿನ ಕಿರಿದಾದ ಜಾಗವೇ ಮೋಸದ್ದು: ಅದು ಹಳೆಯ ಗುಡ್ಡದ ಬೆನ್ನು, ನೀರು ತೆಳು, ಮೋಟುಮರ ದಟ್ಟ. ಅಲ್ಲಿ ಎಂಜಿನ್ ತಗ್ಗಿಸಿ, ಒಬ್ಬರು ಮುಂದೆ ಕೂತು ಗಳ ಹಿಡಿಯಬೇಕು. ಸಾಲಾಗಿ ತೇಲುವ ಥರ್ಮಾಕೋಲ್ ಚೂರು, ಪ್ಲಾಸ್ಟಿಕ್ ಬಾಟಲಿ ಕಂಡರೆ ಕೆಳಗೆ ಬಲೆ ಇದೆ ಎಂದರ್ಥ. ಸುತ್ತಿ ಹೋಗಬೇಕು. ಪಂಖಕ್ಕೆ ಬಲೆ ಸುತ್ತಿದರೆ ದೋಣಿಯೂ ನಿಲ್ಲುತ್ತದೆ, ಮೀನುಗಾರರ ಅಂದಿನ ದುಡಿಮೆಯೂ ಹೋಗುತ್ತದೆ.

ಮೊದಲ ನಡುಗಡ್ಡೆಯನ್ನು ನೋಡಲು, ನಡೆಯಲು ಇಟ್ಟುಕೊಳ್ಳಿ, ಎರಡನೆಯದನ್ನು ಈಜಿಗೆ. ಹನ್ನೊಂದರ ಹೊತ್ತಿಗೆ ಮೇಲಿನ ನೀರು ಬೆಚ್ಚಗಾಗಿರುತ್ತದೆ, ಗಾಳಿ ಇನ್ನೂ ಎದ್ದಿರುವುದಿಲ್ಲ. ಈಜಿಗೆ ಬೇಕಾದ್ದು ಜಂಬಿಟ್ಟಿಗೆಯ ಹರಳು ಹಾಸಿದ, ನಿಧಾನ ಇಳಿಯುವ ದಂಡೆ. ನುಣ್ಣನೆಯ ಜೇಡಿ ಕಂಡರೆ ಮುಂದೆ ಹೋಗಿ. ಅದರಲ್ಲಿ ಕಾಲು ಹೂತಾಗ ಎಳೆದುಕೊಳ್ಳಲು ಹೆಣಗುವುದರಲ್ಲೇ ಜನ ಗಾಬರಿಯಾಗುತ್ತಾರೆ. ದಡದಿಂದ ಹದಿನೈದು ಹೆಜ್ಜೆ ಒಳಗಿನ ತನಕ ಗಳ ಚುಚ್ಚುತ್ತ ಇಬ್ಬರು ನಡೆದು ನೋಡಬೇಕು. ಬೊಡ್ಡೆ, ಕಲ್ಲು, ಹಳೆಯ ಬಲೆಯ ಚೂರು ಸಿಕ್ಕ ಕಡೆ ಗುರುತಿಗೆ ಖಾಲಿ ಬಾಟಲಿ ಕಟ್ಟಿ. ಎದೆಮಟ್ಟದ ನೀರು ಮುಗಿಯುವಲ್ಲಿ ದಡಕ್ಕೆ ಸಮನಾಗಿ ಹಗ್ಗ ಎಳೆದು ಕಟ್ಟಿದರೆ ಅದೇ ಗಡಿ. ಅದರಾಚೆ ಹಳೆಯ ಇಳಿಜಾರು ಒಮ್ಮೆಲೇ ಕಣಿವೆಗೆ ಬೀಳುತ್ತದೆ, ತಳದ ನೀರು ಥಟ್ಟನೆ ತಣ್ಣಗಾಗುತ್ತದೆ. ಬಿಸಿಲಿನಿಂದ ಹೋಗಿ ಆ ತಣ್ಣೀರಿಗೆ ಮೈ ಒಡ್ಡಿದಾಗ ಉಸಿರು ಕಟ್ಟಿದ ಹಾಗಾಗಿ ಈಜು ಬಲ್ಲವರೂ ನೀರು ಕುಡಿಯುತ್ತಾರೆ.

ಗೋಕರ್ಣದ ಕಡಲಲ್ಲಿ ಈಜಿ ರೂಢಿಯಾದವರಿಗೆ ಒಂದು ಮಾತು. ಉಪ್ಪುನೀರು ಮೈಯನ್ನು ಎತ್ತಿ ಹಿಡಿದಷ್ಟು ಸಿಹಿನೀರು ಹಿಡಿಯದು, ಇಲ್ಲಿ ಬೇಗ ಸುಸ್ತಾಗುತ್ತದೆ. ದೋಣಿಯಿಂದ ತಲೆಕೆಳಗಾಗಿ ಧುಮುಕಲೇಬಾರದು. ನೀರು ಎಷ್ಟು ತಿಳಿಯಾಗಿದ್ದರೂ ಕಪ್ಪು ಬೊಡ್ಡೆ ಮೇಲಿನಿಂದ ಕಾಣುವುದಿಲ್ಲ. ಎದುರಿನ ನಡುಗಡ್ಡೆಗೆ ಈಜಿ ಹೋಗುವ ಪಂಥವೂ ಬೇಡ, ನಡುವೆ ಗುರುತೇನೂ ಇಲ್ಲದ ನೀರು ದೂರವನ್ನು ಕಡಿಮೆ ಮಾಡಿ ತೋರಿಸುತ್ತದೆ. ಜನ ನೀರಲ್ಲಿರುವಾಗ ಎಂಜಿನ್ ಬಂದ್ ಆಗಿರಲಿ, ದೋಣಿಯಲ್ಲಿ ಒಬ್ಬರು ಹಗ್ಗ ಹಿಡಿದು ಕೂತಿರಲಿ. ಅವರು ಈಜುವವರನ್ನಲ್ಲದೆ ಮೊಬೈಲು ನೋಡುವಂತಿಲ್ಲ. ಮುಳುಗುವವರು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗುತ್ತಿರುತ್ತದೆ, ಕೈ ಎತ್ತಲೂ ಆಗುವುದಿಲ್ಲ. ಮಾತು ನಿಂತವರನ್ನು ಕೂಡಲೇ ಗಮನಿಸಬೇಕು. ಕುಡಿದವರನ್ನು ನೀರಿಗೆ ಬಿಡಬಾರದು, ಇದರಲ್ಲಿ ದಾಕ್ಷಿಣ್ಯ ಬೇಡ.

ಈಜಿನ ಮೇಲೆ ಹಸಿವು ಹೇಳಿ ಬರುವುದಿಲ್ಲ. ನಡುಗಡ್ಡೆಯಲ್ಲಿ ಒಲೆ ಹೂಡುವ ಆಸೆ ಅನೇಕರಿಗಿದೆ. ತರಗೆಲೆ ಒಣಗಿರುವ ಕಾಲದಲ್ಲಿ ಒಂದು ಕಿಡಿಗೆ ಇಡೀ ಗುಡ್ಡ ಹೋಗುತ್ತದೆ, ಆರಿಸಲು ಯಾರೂ ಬರಲಾರರು. ಆದ್ದರಿಂದ ಊಟ ಕಟ್ಟಿಸಿಕೊಂಡೇ ಹೋಗಬೇಕು. ಹಿಂದಿನ ದಿನವೇ ಹೇಳಿದರೆ ದಡದ ಹಳ್ಳಿಗಳಲ್ಲಿ ಮನೆಯೂಟ ಮಾಡಿಕೊಡುವವರಿದ್ದಾರೆ. ಏನು ಕಟ್ಟಿಸಬೇಕು ಎಂಬುದರಲ್ಲೇ ಜಾಣತನ. ಬೆಳಿಗ್ಗೆ ಆರಕ್ಕೆ ಬೇಯಿಸಿದ್ದು ಮಧ್ಯಾಹ್ನ ಒಂದರ ತನಕ ಕೆಡದೆ ಇರಬೇಕು. ಕೊಟ್ಟೆ ಕಡುಬು ಇದಕ್ಕೆ ಹೇಳಿ ಮಾಡಿಸಿದ್ದು: ಎಲೆಯೊಳಗೇ ಬೆಂದಿರುತ್ತದೆ, ಸಂಜೆಯವರೆಗೆ ಮೆತ್ತಗಿರುತ್ತದೆ, ಪಾತ್ರೆ ಬೇಡ. ತಲೆಗೆ ಮೂರರಂತೆ ಹಿಡಿದರೆ ಸಾಕು. ಜೊತೆಗೆ ಕಾಯಿಚಟ್ನಿ ಬೇಡವೇ ಬೇಡ, ಬಿಸಿಲಿಗೆ ನಡುಹಗಲಿನೊಳಗೆ ಹಳಸುತ್ತದೆ. ಚಟ್ನಿಪುಡಿ, ಕೊಬ್ಬರಿ ಎಣ್ಣೆ, ಅಪ್ಪೆಮಿಡಿ ಉಪ್ಪಿನಕಾಯಿ ಇರಲಿ. ಚಿತ್ರಾನ್ನಕ್ಕೂ ತೆಂಗಿನಕಾಯಿ ಹಾಕಿಸಬೇಡಿ, ಹುಳಿಯನ್ನವಾದರೆ ಇನ್ನೂ ಕ್ಷೇಮ. ಮೊಸರನ್ನ ಹುಳಿಯಾಗದಿರಲು ಅನ್ನವನ್ನು ಬೆಚ್ಚನೆಯ ಹಾಲಲ್ಲಿ ಕಲಸಿ, ಎರಡು ಚಮಚ ಮೊಸರು ಮಾತ್ರ ಬೆರೆಸಿ ಡಬ್ಬಿ ಮುಚ್ಚಿದರೆ ಊಟದ ಹೊತ್ತಿಗೆ ತಾನೇ ಹೆಪ್ಪಾಗಿರುತ್ತದೆ. ಹತ್ತು ಜನಕ್ಕೆ ಮುಕ್ಕಾಲು ಕೆ.ಜಿ. ಅಕ್ಕಿಯ ಅನ್ನ ಸಾಕು. ಮೀನು ಬೇಕೆನ್ನುವವರು ಸಾರಿಗಿಂತ ಹುರಿದ ತುಂಡು ಒಯ್ಯುವುದು ಮೇಲು.

ಕುಡಿಯುವ ನೀರು ತಲೆಗೆ ಮೂರು ಲೀಟರ್. ಸುತ್ತ ಅಷ್ಟು ನೀರಿದ್ದರೂ ಹಿನ್ನೀರನ್ನು ಕುದಿಸದೆ ಕುಡಿಯುವಂತಿಲ್ಲ. ಮುರುಗಲು ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಒಂದು ಕ್ಯಾನು ಇಟ್ಟುಕೊಂಡರೆ ಬಿಸಿಲಿನ ತಲೆನೋವು ದೂರ. ಬಾಳೆ ಎಲೆ, ಕೊಟ್ಟೆಯ ಎಲೆ ಸಹಿತ ಎಲ್ಲವನ್ನೂ ಚೀಲಕ್ಕೆ ತುಂಬಿ ವಾಪಸು ತರಬೇಕು, ಅನ್ನ ಚೆಲ್ಲಿ ಬಂದರೆ ಮರುದಿನ ಅಲ್ಲಿ ಇಲಿ, ಕಾಗೆಗಳದೇ ರಾಜ್ಯ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ಉಳಿಗಾಲವಿಲ್ಲ.

ಇದೇ ಏರ್ಪಾಡನ್ನು ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗದು. ಅದು ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿದ ನೀರು, ಮೊಸಳೆಗಳಿವೆ. ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಗೂಡು ಮಾಡುವ ನಡುಗಡ್ಡೆಗಳನ್ನು ದೋಣಿಯಲ್ಲೇ ಕೂತು ನೋಡಿ ಬರಬೇಕು.

ಊಟದ ಮೇಲೆ ಒಂದು ಗಂಟೆ ನೆರಳು, ಮೂರನೆಯ ನಡುಗಡ್ಡೆಯಲ್ಲಿ ಅರ್ಧ ಗಂಟೆ, ಅಷ್ಟೇ. ಮಧ್ಯಾಹ್ನದ ಗಾಳಿ ತೆರೆದ ನೀರಿನಲ್ಲಿ ಮೊಣಕಾಲೆತ್ತರದ ಅಲೆ ಎಬ್ಬಿಸುತ್ತದೆ. ಅಲೆಗೆ ದೋಣಿಯ ಮಗ್ಗುಲು ಕೊಡದೆ ಮೂತಿಯನ್ನು ಓರೆಯಾಗಿ ಹಿಡಿದು, ನಡುಗಡ್ಡೆಗಳ ಮರೆ ಹಿಡಿದು ಬರಬೇಕು. ಗುಡುಗು ಕೇಳಿದರೆ ಹತ್ತಿರದ ದಡಕ್ಕೆ ಇಳಿದು, ಒಂಟಿ ಮರದಿಂದ ದೂರ ಕೂತು, ಮೋಡ ಹೋಗುವ ತನಕ ಕಾಯಬೇಕು. ಕತ್ತಲೆಗೆ ಮುಂಚೆ ಮನೆ ಸೇರುವ ಆತುರದಲ್ಲೇ ಅವಘಡಗಳಾಗುವುದು, ಆದ್ದರಿಂದಲೇ ನಾಲ್ಕರ ಗಡುವು.

ಉಣುಗಿನ ಮಾತು ಬಿಡುವಂತಿಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ತೆಗೆಯಿತು. ಡಿಸೆಂಬರ್‌ನಿಂದ ಮೇ ತನಕ, ಅಂದರೆ ದೋಣಿಯ ಕಾಲದಲ್ಲೇ, ಅದರ ಕಾಟ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ತರಗೆಲೆಯಲ್ಲಿರುತ್ತದೆ. ತರಗೆಲೆಯ ಮೇಲೆ ಕೂರಬೇಡಿ, ಟಾರ್ಪಾಲು ಹಾಸಿ. ಸತ್ತ ಮಂಗ ಕಂಡರೆ ಅಲ್ಲಿಂದ ಹೊರಟು ಆರೋಗ್ಯ ಇಲಾಖೆಗೆ ತಿಳಿಸಿ. ಇಳಿಯುವ ಮುಂಚೆ ಕೈಕಾಲಿಗೆ ಉಣುಗು ನಿವಾರಕ ತೈಲ ಹಚ್ಚಬೇಕು, ಈಜಿದಾಗ ಅದು ತೊಳೆದು ಹೋಗುವುದರಿಂದ ಮೈ ಒರೆಸಿದ ಮೇಲೆ ಮತ್ತೊಮ್ಮೆ. ರಾತ್ರಿ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡದ್ದನ್ನು ಚಿಮುಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು. ಮುಂದಿನ ಹತ್ತು ದಿನಗಳೊಳಗೆ ಜ್ವರ, ತೀವ್ರ ತಲೆನೋವು, ಸೊಂಟನೋವು ಬಂದರೆ, ಬೆಂಗಳೂರಿನಲ್ಲೇ ಇರಲಿ ಹುಬ್ಬಳ್ಳಿಯಲ್ಲೇ ಇರಲಿ, ಶರಾವತಿ ಹಿನ್ನೀರಿನ ಕಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮೊದಲ ಮಾತಿಗೇ ಹೇಳಬೇಕು.