ಕಬ್ಬನ್‌ಗೂ ಕಬ್ಬಿಗೂ ಸಂಬಂಧವಿಲ್ಲ

ಇಲ್ಲ, ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಕಬ್ಬಿನ ಗದ್ದೆಯಿಂದಲ್ಲ, ಮಾರ್ಕ್ ಕಬ್ಬನ್ ಎಂಬ ಬ್ರಿಟಿಷರ ಕಾಲದ ಅಧಿಕಾರಿಯಿಂದ.

ಭಾನುವಾರ ಬೆಳಿಗ್ಗೆ ಜನರನ್ನು ಪಾರ್ಕ್ ಸುತ್ತಿಸುತ್ತೇನೆ. ಹೊರಡುವ ಮೊದಲೇ ಯಾರಾದರೊಬ್ಬರು ಶುರುಮಾಡುತ್ತಾರೆ: "ಸಾರ್, ಇಲ್ಲಿ ಮುಂಚೆ ಕಬ್ಬು ಬೆಳೀತಿದ್ರಂತೆ, ಅಲ್ವಾ?" ಅದು ಪ್ರಶ್ನೆಯಲ್ಲ, ನನ್ನ ಬಾಯಲ್ಲಿ ಹೌದು ಅನ್ನಿಸುವ ಹಟ. ಹೋದ ತಿಂಗಳು ಹಿರಿಯರೊಬ್ಬರು ನನ್ನ ಉತ್ತರ ಪೂರ್ತಿ ಕೇಳಿ, "ಇರಬಹುದಪ್ಪ, ಆದ್ರೆ ನಮ್ಮ ತಾತ ಹೇಳ್ತಿದ್ದದ್ದು ಕಬ್ಬೇ" ಅಂದುಬಿಟ್ಟರು. ರೇಗಿಹೋಯಿತು. ಒಂದು ಕಡ್ಡಿ ತಗೊಂಡು ಮಣ್ಣಿನ ಮೇಲೆ ಬರೆದೆ: ಮಳೆ + ಕಾಲ = ಮಳೆಗಾಲ.

"ಆದೇಶ ಸಂಧಿ," ಅಂದರು ಥಟ್ಟನೆ. ನಿವೃತ್ತ ಮೇಷ್ಟ್ರಂತೆ.

ಅದರ ಕೆಳಗೆ ಬರೆದೆ: ಮ್ಯಾಕ್ + ಗಿಬ್ಬನ್ = ಕಬ್ಬನ್. ಕಬ್ಬನ್ ಅವರ ಊರಿನ ಭಾಷೆಯಲ್ಲಿ ಮ್ಯಾಕ್ ಅಂದರೆ ಮಗ. ಗಿಬ್ಬನ್ ಅನ್ನೋದು ಗಿಲ್ಬರ್ಟನನ್ನು ಮುದ್ದಾಗಿ ಕರೆಯುವ ಹೆಸರು. ಜನರ ಬಾಯಲ್ಲಿ ಸವೆದೂ ಸವೆದೂ 'ಮ್ಯಾ' ಉದುರಿಹೋಯಿತು, ಉಳಿದ ಕಕಾರ ಗಕಾರವನ್ನು ನುಂಗಿತು. ನಮ್ಮಲ್ಲಿ ಕ ಹೋಗಿ ಗ ಬರುತ್ತದೆ, ಅಲ್ಲಿ ಗ ಹೋಗಿ ಕ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ತಾತನ ಮಾತು ಮತ್ತೆ ಎತ್ತಲಿಲ್ಲ.

ಇನ್ನೊಂದು ಮಾತು: "ಇಂಗ್ಲಿಷ್ ಹೆಸರು ತಾನೇ?" ಅದೂ ಅಲ್ಲ. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ಟಿನ್‌ವಾಲ್ಡ್ ಎಂಬ ತನ್ನದೇ ಸಂಸತ್ತು ಅದಕ್ಕಿದೆ, ಇವತ್ತಿಗೂ ಅದು ಯುನೈಟೆಡ್ ಕಿಂಗ್‌ಡಮ್ಮಿನ ಭಾಗವಲ್ಲ. ಮಾರ್ಕ್ ಕಬ್ಬನ್ ಅಲ್ಲಿನ ಪಾದ್ರಿಯೊಬ್ಬರ ಮಗ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಪಾರ್ಕ್ ಆದದ್ದು 1870ರಲ್ಲಿ, ಆಗ ಅದರ ಹೆಸರು ಮೀಡ್ಸ್ ಪಾರ್ಕ್. ತಮ್ಮ ಹೆಸರಿನ ಪಾರ್ಕನ್ನು ಅವರು ಕಣ್ಣಿಂದ ಕಾಣಲಿಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಆ ಹೆಸರನ್ನು ಹೆತ್ತ ಭಾಷೆ ಏನಾಯಿತು? ಅದು ಮ್ಯಾಂಕ್ಸ್, ಐರಿಶ್ ಭಾಷೆಯ ದಾಯಾದಿ. ಕೆಲ್ಲಿ, ಕ್ವೇಲ್, ಕಾರ್ಲೆಟ್, ಈ ದ್ವೀಪದ ಮನೆತನಗಳ ಹೆಸರು ಹೆಚ್ಚಾಗಿ ಕಕಾರದಿಂದಲೇ ಶುರು. ಅದೆಲ್ಲ ಮ್ಯಾಕ್‌ನ ಬಾಲ. ಕಾರ್ಲೆಟ್‌ನಲ್ಲಿ ಆ ಬಾಲದ ಹಿಂದೆ ಇರುವುದು ವೈಕಿಂಗರ ಹೆಸರು. ಹುಟ್ಟಿನಿಂದ ಮ್ಯಾಂಕ್ಸ್ ಆಡಿದವರಲ್ಲಿ ಕೊನೆಯವರಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ಹೋದರು. ಅವರ ದನಿಯನ್ನು 1948ರಲ್ಲಿ ಐರ್ಲೆಂಡಿನವರು ಬಂದು ಮುದ್ರಿಸಿಕೊಂಡಿದ್ದರು. 2001ರಿಂದ ಅಲ್ಲೊಂದು ಶಾಲೆಯಲ್ಲಿ ಮಕ್ಕಳು ಮತ್ತೆ ಮ್ಯಾಂಕ್ಸ್‌ನಲ್ಲೇ ಪಾಠ ಕಲಿಯುತ್ತಿದ್ದಾರೆ.

ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಹೈಕೋರ್ಟ್ ಆವರಣದಿಂದ ಪಾರ್ಕಿನೊಳಕ್ಕೆ ತಂದಿದ್ದಾರೆ. ಭಾನುವಾರ ಬೆಳಿಗ್ಗೆ 7ಕ್ಕೆ ಅಲ್ಲೇ ಇರುತ್ತೇನೆ. ಆ ಮಕ್ಕಳ ಬಗ್ಗೆ ಕೇಳಿ.