ಪಾಸಾವ್‌ನಿಂದ ವಿಯೆನ್ನಾಕ್ಕೆ: ಡ್ಯಾನ್ಯೂಬ್ ದಂಡೆಯ ಸೈಕಲ್ ಹಾದಿ

ಜರ್ಮನಿಯ ಪಾಸಾವ್ ಪಟ್ಟಣದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದವರೆಗೆ ಡ್ಯಾನ್ಯೂಬ್ ನದಿಯ ದಂಡೆಗುಂಟ ಸಾಗುವ ಸೈಕಲ್ ಹಾದಿಯ ಉದ್ದ ಸುಮಾರು 320 ಕಿಲೋಮೀಟರ್. ಮೊದಲ ಬಾರಿ ಸೈಕಲ್ ಪ್ರವಾಸಕ್ಕೆ ಹೊರಡುವವರಿಗೂ ಮಕ್ಕಳನ್ನು ಕರೆದುಕೊಂಡು ಹೋಗಬೇಕೆನ್ನುವವರಿಗೂ ನಾನು ಹಿಂದೆಮುಂದೆ ನೋಡದೆ ಸೂಚಿಸುವ ಹಾದಿ ಇದು. ಏರುಗಳು ಅಪರೂಪ, ಕವಲುಗಳಲ್ಲಿ ಫಲಕಗಳಿವೆ, ಹಾದಿಯ ಬಹುಭಾಗದಲ್ಲಿ ಕಾರು ಲಾರಿಗಳ ಕಾಟವೇ ಇಲ್ಲ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹಬ್ಬಿರುವ ಯೂರೋವೆಲೊ 6 ಎಂಬ ದೂರಮಾರ್ಗದಲ್ಲಿ ಇದೊಂದು ತುಂಡು ಮಾತ್ರ.

ಈ ಹಾದಿಯನ್ನು ಯಾರೂ ಒಮ್ಮೆಗೇ ಹೊಸದಾಗಿ ಕಟ್ಟಲಿಲ್ಲ ಎಂಬುದನ್ನು ಹೊರಡುವ ಮೊದಲೇ ತಿಳಿದಿದ್ದರೆ ಯೋಜನೆ ಹಾಕಿಕೊಳ್ಳುವುದು ಸುಲಭವಾಗುತ್ತದೆ. ಹಿಂದಿನ ಕಾಲದಲ್ಲಿ ಹರಿವಿಗೆ ಎದುರಾಗಿ ಸಾಗುವ ಸರಕು ದೋಣಿಗಳಿಗೆ ಹಗ್ಗ ಕಟ್ಟಿ, ಕುದುರೆಗಳಿಂದ ಎಳೆಸಿಕೊಂಡು ಹೋಗುತ್ತಿದ್ದ ದಂಡೆದಾರಿಗಳು ಇಲ್ಲಿದ್ದವು. 1980ರ ದಶಕದಲ್ಲಿ ಅವುಗಳನ್ನು ಸೈಕಲ್ ಸವಾರರಿಗೆ ತೆರೆದುಕೊಟ್ಟು, ನಡುವಿನ ಕೊರತೆಯನ್ನು ಹಳ್ಳಿದಾರಿ, ಅಣೆಕಟ್ಟಿನ ಮೇಲ್ದಾರಿ, ಕಡವು ದೋಣಿಗಳಿಂದ ತುಂಬುತ್ತ ಬಂದರು. ಇಂದಿಗೂ ಊರೊಳಗೆ ಅದೇ ಹಾದಿಯಲ್ಲಿ ಶಾಲೆಯ ಚೀಲ ಬೆನ್ನಿಗೇರಿಸಿದ ಮಕ್ಕಳು, ಮುಂದಿನ ಬುಟ್ಟಿಯಲ್ಲಿ ತರಕಾರಿ ಇಟ್ಟುಕೊಂಡ ಹಿರಿಯರು, ಕೆಲಸ ಮುಗಿಸಿ ಮನೆಗೆ ಹೊರಟವರು ಸಾಗುತ್ತಾರೆ. ಹಾದಿ ಇಷ್ಟು ಸುರಕ್ಷಿತವಾಗಿರುವುದಕ್ಕೆ ಮುಖ್ಯ ಕಾರಣ ಈ ದಿನನಿತ್ಯದ ಬಳಕೆಯೇ ಎಂದು ನಾನು ನಂಬಿದ್ದೇನೆ. ಪ್ರವಾಸಿಗರು ಋತು ಮುಗಿದೊಡನೆ ಹೊರಟುಹೋಗುತ್ತಾರೆ; ಗುಂಡಿ ಬಿದ್ದರೆ ಮುಚ್ಚಿಸಿಯೇ ತೀರುವವರು ಆ ಹಾದಿಯನ್ನೇ ನಂಬಿದ ಊರಿನವರು.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಈ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಪಾಸಾವ್‌ನಿಂದ ಹೊರಟು ನದಿಯ ಹರಿವಿನೊಂದಿಗೆ ಪೂರ್ವಕ್ಕೆ ಸಾಗುವುದೇ ಜಾಣತನ. ಹೊರಡುವ ಮುನ್ನ ನದಿಯ ನೀರಿನ ಮಟ್ಟವನ್ನು ಅಂತರ್ಜಾಲದಲ್ಲಿ ನೋಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ. ಪಾಸಾವ್‌ನಲ್ಲಿ ಇನ್ ಮತ್ತು ಇಲ್ಟ್ಸ್ ಎಂಬ ಎರಡು ನದಿಗಳು ಡ್ಯಾನ್ಯೂಬನ್ನು ಸೇರುತ್ತವೆ. ಅಲ್ಲಿನ ಪುರಭವನದ ಗೋಡೆಯ ಮೇಲೆ ಶತಮಾನಗಳ ಪ್ರವಾಹಗಳ ಮಟ್ಟವನ್ನು ಗೆರೆ ಎಳೆದು, ವರ್ಷ ಬರೆದು ಗುರುತಿಸಿದ್ದಾರೆ. 2013ರ ಜೂನ್ ತಿಂಗಳ ಗೆರೆಯನ್ನು ನೋಡಲು ಕತ್ತೆತ್ತಬೇಕು. ದಂಡೆಯ ಹಾದಿ ಎಷ್ಟೋ ಕಡೆ ನೀರಿನಿಂದ ಸ್ವಲ್ಪವೇ ಎತ್ತರದಲ್ಲಿರುವುದರಿಂದ ನೀರು ಏರಿದಾಗ ಅದನ್ನು ಮುಚ್ಚುತ್ತಾರೆ. ಅಂಥ ಸಮಯದಲ್ಲಿ ತಡೆಗಂಬದ ಪಕ್ಕದಿಂದ ನುಸುಳಿ ಮುಂದೆ ಹೋಗುವ ಸಾಹಸ ಯಾರಿಗೂ ಬೇಡ.

ಬಹಳಷ್ಟು ದೂರ ಎರಡೂ ದಂಡೆಗಳಲ್ಲಿ ಹಾದಿ ಇರುವುದರಿಂದ ದಿನವೂ ಒಂದು ಆಯ್ಕೆ ನಿಮ್ಮ ಮುಂದಿರುತ್ತದೆ. ಶ್ಲ್ಯೋಗನ್ ಎಂಬಲ್ಲಿ ನದಿ ಗಟ್ಟಿ ಬೆಟ್ಟಕ್ಕೆ ತಗುಲಿ ಹಿಂದಕ್ಕೆ ಬಾಗುತ್ತದೆ. ಅಲ್ಲಿ ಎಡದಂಡೆಯ ಹಾದಿ ಒಂದೆಡೆ ನಿಂತುಹೋಗುವುದರಿಂದ ದೋಣಿ ಹಿಡಿಯಬೇಕಾಗುತ್ತದೆ. ಸಂಜೆ ತಡವಾಗಿ ಅಲ್ಲಿಗೆ ತಲುಪುವಂತಿದ್ದರೆ ಬಲದಂಡೆಯಲ್ಲೇ ಇರುವುದು ಕ್ಷೇಮ, ಏಕೆಂದರೆ ದೋಣಿಗಳಿಗೆ ನಿಗದಿತ ವೇಳೆಯಿದೆ ಮತ್ತು ಚಳಿಗಾಲದಲ್ಲಿ ಹಲವು ದೋಣಿಗಳು ಓಡುವುದಿಲ್ಲ. ಮುಂದೆ ವಾಖಾವ್ ಕಣಿವೆಯಲ್ಲಿ ಸ್ಪಿಟ್ಸ್ ಮತ್ತು ಆರ್ನ್ಸ್‌ಡೋರ್ಫ್ ಊರುಗಳ ನಡುವಿನ ದೋಣಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಅದಕ್ಕೆ ನದಿಯನ್ನು ದಾಟಿಸುವ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಬಿಗಿದ ಉಕ್ಕಿನ ಹಗ್ಗಕ್ಕೆ, ನೀರಿನ ಮೇಲೆ ತೇಲುವ ದೋಣಿಯನ್ನು ಕಟ್ಟಿರುತ್ತಾರೆ. ನಾವಿಕ ದೋಣಿಯನ್ನು ಹರಿವಿಗೆ ಓರೆಯಾಗಿ ತಿರುಗಿಸಿದೊಡನೆ ನೀರಿನ ಒತ್ತಡವೇ ಅದನ್ನು ಆಚೆ ದಂಡೆಗೆ ತಳ್ಳುತ್ತದೆ. ಸೈಕಲ್ಲನ್ನು ಕಂಬಿಗೆ ಆನಿಸಿ, ಹ್ಯಾಂಡಲ್ ಹಿಡಿದು ನಿಂತರೆ ಕೆಳಗೆ ನೀರು ಸರಿಯುವ ಸದ್ದಿನ ಹೊರತು ಹೆಚ್ಚೇನೂ ಕೇಳಿಸುವುದಿಲ್ಲ.

ವಾಖಾವ್‌ನ ಎಡದಂಡೆಯಲ್ಲಿ ದ್ರಾಕ್ಷಿ ತೋಟಗಳ ನಡುವೆ, ಹಳೆಯ ಊರುಗಳ ಇಕ್ಕಟ್ಟಾದ ಓಣಿಗಳಲ್ಲಿ ಹಾದಿ ಸಾಗುತ್ತದೆ. ನೋಟ ಚೆಂದ, ಆದರೆ ಜನಸಂದಣಿಯೂ ಅಷ್ಟೇ. ಮಕ್ಕಳು ಜೊತೆಗಿದ್ದರೆ ಬಲದಂಡೆ ಹೆಚ್ಚು ನೆಮ್ಮದಿ. ಮೆಲ್ಕ್ ಊರಿನಲ್ಲಿರುವ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಮಠಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ. ಮೌಟ್‌ಹೌಸೆನ್ ಊರಿನ ಮೇಲಿನ ಬೆಟ್ಟದಲ್ಲಿ 1938ರಿಂದ 1945ರವರೆಗೆ ನಾಜಿಗಳು ನಡೆಸಿದ ಸೆರೆಶಿಬಿರವಿದೆ. ಏರು ಕಡಿದಾಗಿದ್ದರೂ ಹತ್ತಿ ನೋಡಲೇಬೇಕಾದ ಸ್ಮಾರಕ ಅದು.

ಇನ್ನು ರಸ್ತೆಯ ನಿಯಮಗಳು. ಆಸ್ಟ್ರಿಯಾದಲ್ಲಿ ಸಂಚಾರ ಬಲಬದಿಯಲ್ಲಿ. ಎಡಬದಿಗೆ ಒಗ್ಗಿದ ನಮಗೆ ನೇರ ದಾರಿಯಲ್ಲಿ ತೊಂದರೆಯಾಗುವುದಿಲ್ಲ. ತಿರುವಿನಲ್ಲಿ, ಮುಖ್ಯವಾಗಿ ಎಡಕ್ಕೆ ಹೊರಳುವಾಗ, ಕಣ್ಣು ಅಭ್ಯಾಸಬಲದಿಂದ ತಪ್ಪು ಬದಿಗೆ ಹೋಗುತ್ತದೆ. ಆದ್ದರಿಂದ ಮೊದಲ ದಿನ ಕಡಿಮೆ ದೂರ ಇಟ್ಟುಕೊಂಡು, ಪ್ರತಿ ಕೂಡುರಸ್ತೆಯಲ್ಲೂ ಒಂದು ಕ್ಷಣ ನಿಂತು ಮುಂದುವರಿಯಿರಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಸೈಕಲ್ ಹಾದಿ ಮುಗಿದು ರಸ್ತೆಗೆ ಇಳಿಯುವಾಗ ದಾರಿ ಬಿಡಬೇಕಾದವರು ನೀವು. ತಿರುಗುವ ಮುನ್ನ ಕೈ ಚಾಚಿ ತೋರಿಸಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೂ ಅದನ್ನೇ ಹೇಳುತ್ತೇನೆ. ಇತ್ತ ಕಾರಿನವರ ಮೇಲೂ ಕಟ್ಟಳೆಯಿದೆ: 2022ರ ತಿದ್ದುಪಡಿಯ ಪ್ರಕಾರ ಸೈಕಲ್ಲನ್ನು ಹಿಂದಿಕ್ಕುವಾಗ ಊರೊಳಗೆ ಕನಿಷ್ಠ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಅಂತರ ಬಿಡಬೇಕು, ನಿಧಾನವಾಗಿ ಹೋಗುವಾಗ ಮಾತ್ರ ಸ್ವಲ್ಪ ಸಡಿಲಿಕೆ. ರಸ್ತೆಗೆ ಇಳಿಯಲೇಬೇಕಾದ ತುಣುಕುಗಳಲ್ಲಿ ಎದೆಬಡಿತ ಹೆಚ್ಚದಿರಲು ಈ ಅಂತರವೇ ಕಾರಣ.

ಪಾಸಾವ್‌ನಲ್ಲಿ ಸೈಕಲ್ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಹಿಂತಿರುಗಿಸುವ ಏರ್ಪಾಡು ಸಿಗುವುದರಿಂದ ವಿಮಾನದಲ್ಲಿ ಸೈಕಲ್ ಒಯ್ಯುವ ಶ್ರಮ ಬೇಡ. ಸೈಕಲ್ ಪಡೆಯುವಾಗ ಸೀಟಿನ ಎತ್ತರ, ಎರಡೂ ಬ್ರೇಕು, ಮುಂದಿನ ಬಿಳಿ ದೀಪ, ಹಿಂದಿನ ಕೆಂಪು ದೀಪ, ಬೆಲ್ಲು ಇವನ್ನೆಲ್ಲ ಅಂಗಡಿಯವರ ಎದುರಿನಲ್ಲೇ ಪರೀಕ್ಷಿಸಿ. ಬೆನ್ನಚೀಲ ಹೊತ್ತು ತುಳಿದರೆ ಮಧ್ಯಾಹ್ನದೊಳಗೆ ಹೆಗಲು ಸೋಲುತ್ತದೆ; ಕ್ಯಾರಿಯರ್‌ನ ಇಕ್ಕೆಲಗಳಿಗೆ ತಗುಲಿಸುವ ಚೀಲವನ್ನೇ ಕೇಳಿ ಪಡೆಯಿರಿ. ಪಂಪು ಮತ್ತು ಹೆಚ್ಚುವರಿ ಟ್ಯೂಬು ಜೊತೆಗಿರಲಿ. ದಿನಕ್ಕೆ ಐವತ್ತು ಕಿಲೋಮೀಟರಿನ ಸುತ್ತಮುತ್ತ ಇಟ್ಟುಕೊಂಡರೆ ಊರುಗಳನ್ನು ನೋಡುವುದಕ್ಕೂ ಸಮಯ ಉಳಿಯುತ್ತದೆ. ಜುಲೈ, ಆಗಸ್ಟ್ ತಿಂಗಳಿಗಾದರೆ ತಂಗುವ ಕೋಣೆಗಳನ್ನು ಮುಂಚಿತವಾಗಿಯೇ ಕಾದಿರಿಸಿ.

ವಾಖಾವ್‌ನ ಕೊನೆಯಲ್ಲಿರುವ ಕ್ರೆಮ್ಸ್ ಊರನ್ನು ದಾಟಿದ ಮೇಲೆ ಕಣಿವೆ ಬಯಲಾಗುತ್ತದೆ, ನೆರಳು ಕಡಿಮೆಯಾಗುತ್ತದೆ; ಕುಡಿಯುವ ನೀರನ್ನು ತುಂಬಿಸಿಕೊಂಡೇ ಹೊರಡಿ. ದೊಡ್ಡ ನಗರವನ್ನು ಸೈಕಲ್ಲಿನಲ್ಲಿ ಹೊಗುವುದು ಹೇಗೆಂದು ಅಳುಕುವವರಿಗೆ ವಿಯೆನ್ನಾ ಧೈರ್ಯ ಕೊಡುತ್ತದೆ. ಪ್ರವಾಹದ ನೀರಿಗೆಂದು ಹೊಸ ಕಾಲುವೆ ತೋಡಿದಾಗ ಎದ್ದ ಡೋನಾವಿನ್ಸೆಲ್ ಎಂಬ 21 ಕಿಲೋಮೀಟರ್ ಉದ್ದದ ದ್ವೀಪದ ಮೇಲೆ ಸೈಕಲ್ ಹಾದಿ ಸಾಗುತ್ತದೆ. ಡ್ಯಾನ್ಯೂಬ್ ಕಾಲುವೆ ಎಂಬ ಇನ್ನೊಂದು ಕವಲಿನ ದಂಡೆ ಹಿಡಿದರೆ ನೇರವಾಗಿ ನಗರದ ಹೃದಯಕ್ಕೇ ಬರಬಹುದು. ಸಂಜೆಯ ಹೊತ್ತು ಅಲ್ಲಿ ಕೆಲಸ ಬಿಟ್ಟು ಬರುವವರು ವೇಗವಾಗಿ ತುಳಿಯುತ್ತಾರೆ, ಆದ್ದರಿಂದ ಬಲಕ್ಕೆ ಅಂಟಿಕೊಂಡೇ ಸಾಗಿ. ಚಿತ್ರ ತೆಗೆಯುವುದಿದ್ದರೆ ಹಾದಿಯಿಂದ ಪೂರ್ತಿ ಹೊರಗೆ ಬಂದು ನಿಲ್ಲಿ. ಸ್ವಂತ ಸೈಕಲ್ಲಿನೊಂದಿಗೆ ರೈಲಿನಲ್ಲಿ ಮರಳುವವರು ಅದಕ್ಕೆ ಪ್ರತ್ಯೇಕ ಟಿಕೆಟ್ ಕೊಳ್ಳಬೇಕು, ದೂರದ ವೇಗದ ರೈಲುಗಳಲ್ಲಿ ಜಾಗವನ್ನೂ ಕಾದಿರಿಸಬೇಕು. ಬೇಸಿಗೆಯ ವಾರಾಂತ್ಯಗಳಲ್ಲಿ ಆ ಜಾಗಗಳು ಬೇಗ ತುಂಬುವುದರಿಂದ ಮರಳುವ ದಿನ ನಿಶ್ಚಯವಾದ ಕೂಡಲೇ ಆ ಕೆಲಸವನ್ನು ಮುಗಿಸಿಬಿಡಿ.